ಲಾರಿಯ ಫಿಲ್ಟರುಗಳನ್ನು ಕುರಿತು ಒಂದು ಕಾಗದ

ಚಿರಂಜೀವಿ ತಮ್ಮನಿಗೆ,

ಹೊಸ ಲಾರಿಯನ್ನು ಕೊಂಡು ಸಂಡೂರು–ಹೊಸಪೇಟೆಯ ಅದಿರಿನ ದಾರಿಗೆ ಬಿಟ್ಟಿರುವೆಯೆಂದು ಕೇಳಿ ಸಂತೋಷವಾಯಿತು. ಕಂತು, ಬಾಡಿಗೆ, ಟೈರುಗಳ ವಿಚಾರ ನನಗಿಂತ ನಿನಗೇ ಚೆನ್ನಾಗಿ ತಿಳಿದಿದೆ. ನಾನು ಬರೆಯಹೊರಟಿರುವುದು ಫಿಲ್ಟರುಗಳ ಮಾತನ್ನಷ್ಟೆ.

ಒಂದು ಲೀಟರು ಡೀಸೆಲ್ ಪೂರ್ತಿಯಾಗಿ ಉರಿಯಬೇಕಾದರೆ ಕಡಿಮೆಯೆಂದರೂ ಸುಮಾರು 10,000 ಲೀಟರು ಗಾಳಿ ಬೇಕೆಂಬುದನ್ನೂ, ಆ ದಾರಿಯಲ್ಲಿ ಗಾಳಿಯೊಡನೆ ಎಷ್ಟು ಕೆಂಧೂಳು ಬರುವುದೆಂಬುದನ್ನೂ ಬಲ್ಲ ನಮ್ಮ ಜನ, ಆ ಭಯದಿಂದಲೇ ವಾರಕ್ಕೊಮ್ಮೆ ಏರ್ ಫಿಲ್ಟರನ್ನು ಬಿಚ್ಚಿ, ಟೈರಿಗೆ ಬಡಿದು, ಕಂಪ್ರೆಸರಿನಿಂದ ಹವಾ ಹೊಡೆದು, ಶುಚಿಯಾಯಿತೆಂದು ಸಮಾಧಾನಪಡುತ್ತಾರೆ. ಎಂಜಿನ್ನಿಗೆ ಈ ಉಪಚಾರಕ್ಕಿಂತ ದೊಡ್ಡ ಅಪಕಾರ ವಿರಳ. ಕಾಗದದ ಮಡಿಕೆಗಳ ಮೇಲೆ ಧೂಳಿನ ತೆಳುಪದರ ಕುಳಿತ ಬಳಿಕವೇ ಫಿಲ್ಟರು ಸೂಕ್ಷ್ಮಕಣಗಳನ್ನು ಹೆಚ್ಚು ಸಮರ್ಥವಾಗಿ ತಡೆಯುವುದು. ಬಡಿತಕ್ಕೆ ಅಂಚು ಸೊಟ್ಟಗಾಗಿ, ಹವಾದ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದುದಾದರೆ ಧೂಳು ಸಿಲಿಂಡರಿಗಿಳಿದು ರಿಂಗು, ಲೈನರುಗಳನ್ನು ತೇಯತೊಡಗುತ್ತದೆ. ಆದಕಾರಣ ಏರ್ ಫಿಲ್ಟರು ಕಟ್ಟಿಕೊಂಡುದನ್ನು ತೋರಿಸುವ ಸೂಚಕವು ಕೆಂಪು ತೋರುವವರೆಗೆ, ಇಲ್ಲವೆ ಕಂಪನಿಯವರು ಹೇಳಿದ ಅವಧಿ ತುಂಬುವವರೆಗೆ, ಅದರ ತಂಟೆಗೆ ಹೋಗಬೇಡ. ಒಳಗಿನ ಸಣ್ಣ ಸೇಫ್ಟಿ ಎಲಿಮೆಂಟನ್ನಂತೂ ಬದಲಿಸಬೇಕೇ ಹೊರತು ಶುಚಿಮಾಡಕೂಡದು. ಫಿಲ್ಟರು ಬದಲಿಸುವ ದಿನ, ಅದರಿಂದ ಟರ್ಬೊಗೆ ಹೋಗುವ ಪೈಪಿನೊಳಗೆ ಬೆರಳಾಡಿಸಿ ನೋಡು. ಬೆರಳಿಗೆ ಕೆಂಪು ಹತ್ತಿತೆಂದರೆ, ಎಷ್ಟೇ ಬೆಲೆಯ ಫಿಲ್ಟರು ಹಾಕಿದ್ದರೂ, ಎಲ್ಲಿಯೋ ಕ್ಲಾಂಪು ಸಡಿಲವಾಗಿದೆ ಅಥವಾ ಪೈಪು ಬಿರಿದಿದೆ.

ಡೀಸೆಲ್ ಫಿಲ್ಟರಿನದು ಇನ್ನೂ ನಾಜೂಕಿನ ವ್ಯವಹಾರ. 2020ರ ಏಪ್ರಿಲಿನಿಂದ ಬಿಎಸ್–6 ಹೊಗೆ ನಿಯಮ ಜಾರಿಗೆ ಬಂದಮೇಲೆ ಹೊಸ ಲಾರಿಗಳ ಇಂಜೆಕ್ಟರುಗಳು 1600 ಬಾರ್ ಮತ್ತು ಅದಕ್ಕೂ ಮೀರಿದ ಒತ್ತಡದಲ್ಲಿ ದುಡಿಯುತ್ತವೆ. ಅವುಗಳೊಳಗಣ ಬಿಡುವು ಎರಡು ಮೂರು ಮೈಕ್ರಾನಿನಷ್ಟು ಮಾತ್ರ, ನಮ್ಮ ತಲೆಗೂದಲಾದರೋ ಸುಮಾರು 70 ಮೈಕ್ರಾನ್ ದಪ್ಪ. ಹೀಗಿರುವಾಗ, ಏರ್ ಲಾಕ್ ಆಗದಿರಲೆಂದು ಹೊಸ ಫಿಲ್ಟರಿಗೆ ಡಬ್ಬಿಯಿಂದ ಡೀಸೆಲ್ ಸುರಿದು ಕೂರಿಸುವ ಹಳೆಯ ಮೇಸ್ತ್ರಿಗಳ ಪದ್ಧತಿ ಈಗ ಸಲ್ಲದು. ಆ ಸೋಸದ ಎಣ್ಣೆ ಶುದ್ಧಭಾಗಕ್ಕೇ ಬಿದ್ದು ನೇರವಾಗಿ ಇಂಜೆಕ್ಟರಿಗೆ ಹೋಗುತ್ತದೆ. ಒಣ ಫಿಲ್ಟರನ್ನೇ ಕೂರಿಸಿ ಹ್ಯಾಂಡ್ ಪಂಪು ಒತ್ತಿಸು, ಕೈ ನೊಂದರೂ ಚಿಂತೆಯಿಲ್ಲ. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಣ ತಿರುಪನ್ನು ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನವೇ ಬಿಚ್ಚಿ ನೀರು ಇಳಿಸುವುದು ಕ್ಲೀನರನ ನಿತ್ಯಕರ್ಮವಾಗಲಿ.

ಕೊಳ್ಳುವಾಗ ಥ್ರೆಡ್ಡು ಹೊಂದಿತು, ಗಾತ್ರ ಹೊಂದಿತು ಎಂದು ಅಗ್ಗದ ಮಾಲಿಗೆ ಮರುಳಾಗದಿರು. ಡಬ್ಬಿಯ ಮೇಲೆ ‘10 ಮೈಕ್ರಾನ್’ ಎಂದು ಅಚ್ಚಾಗಿದ್ದರೆ ಸಾಲದು. ಆ ಗಾತ್ರದ ಕಣಗಳನ್ನು ಶೇಕಡಾ ಎಷ್ಟರಮಟ್ಟಿಗೆ ತಡೆಯುವುದೆಂಬುದೇ ಮುಖ್ಯ, ಅದನ್ನು ಹೇಳಲಾರದ ಅಂಗಡಿಯವನಿಂದ ಎಂಜಿನ್ ಕಂಪನಿಯ ಪಾರ್ಟ್ ನಂಬರಿನದನ್ನೇ ಕೇಳಿ ತಾ. ಇನ್ನು ಆಯಿಲ್ ಫಿಲ್ಟರಿನ ಮಾತು. ಅದರೊಳಗೋ, ಅದನ್ನು ಕೂರಿಸುವ ತಲೆಯಲ್ಲಿಯೋ ಬೈಪಾಸ್ ವಾಲ್ವೊಂದಿರುತ್ತದೆ: ಫಿಲ್ಟರು ಕಟ್ಟಿಕೊಂಡರೆ ಅದು ತೆರೆದುಕೊಂಡು, ಬೇರಿಂಗುಗಳು ಒಣಗದಂತೆ, ಸೋಸದ ಆಯಿಲನ್ನೇ ಮುಂದಕ್ಕೆ ಬಿಡುತ್ತದೆ, ಇದರ ಸುಳಿವು ಡ್ರೈವರನಿಗೆ ಸಾಮಾನ್ಯವಾಗಿ ಹತ್ತುವುದಿಲ್ಲ. ಹೊಸದನ್ನು ಹಾಕುವಾಗ ಹಳೆಯ ರಬ್ಬರು ಬಳೆ ಎಂಜಿನ್ನಿಗೇ ಅಂಟಿಕೊಂಡಿಲ್ಲವಷ್ಟೆ ಎಂದು ನೋಡುವುದನ್ನು ಮರೆಯಬೇಡ.

ಬಿಚ್ಚಿದ ಆಯಿಲ್ ಫಿಲ್ಟರನ್ನು ಎಸೆಯದೆ, ಮುಂದಿನ ಸಲ ಊರಿಗೆ ಬರುವಾಗ ಜೊತೆಗೆ ತಾ. ಕೊಯ್ದು ಮಡಿಕೆಗಳನ್ನು ಬಿಡಿಸಿ, ಲೋಹದ ಚೂರೇನಾದರೂ ಇದೆಯೇ ಎಂದು ನೋಡೋಣ.

ಇತಿ,
ನಿನ್ನ ಅಣ್ಣ