ಅಲಗು ಒಂದು ಕಡೆ, ಹಿಡಿ ಇನ್ನೊಂದು ಕಡೆ

ಈ ಸಲ ವಿಮೆ, ಠೇವಣಿ, ಮ್ಯೂಚುವಲ್ ಫಂಡ್ ಎಲ್ಲ ಪಕ್ಕಕ್ಕಿಟ್ಟು ಕತ್ತಿಯ ಲೆಕ್ಕ ಹೇಳುತ್ತೇನೆ. ಗೋಡೆಗೆ ನೇತುಹಾಕುವ ಕತ್ತಿಯಲ್ಲ, ಕೈಯಲ್ಲಿ ಹಿಡಿದು ಬೀಸುವಂಥದ್ದು. ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದ, ಕೆಲಸಕ್ಕೆ ಬರುವ ಕತ್ತಿ. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡಪ್ಪನ ಮಗ ವೀರಗಾಸೆ ತಂಡ ಕಟ್ಟಿಕೊಂಡಿದ್ದಾನೆ. ಹಬ್ಬ, ಜಾತ್ರೆ, ಗೃಹಪ್ರವೇಶ, ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಎಂದು ವರ್ಷಕ್ಕೆ ಇಪ್ಪತ್ತರ ಆಸುಪಾಸು ಕಾರ್ಯಕ್ರಮ ಸಿಗುತ್ತವೆ. ‘ದುಡ್ಡಿನ ವಿಷ್ಯ ಬರೀತೀಯಲ್ಲ, ಒಂದು ಒಳ್ಳೆ ಕತ್ತಿ ಕೊಡ್ಸು ನೋಡಾನ’ ಎಂದು ಅಣ್ಣ ಹೇಳಿದ್ದರಿಂದ ಈ ಕೆಲಸ ನನ್ನ ತಲೆಗೆ ಬಂತು.

ಅವನ ಬಳಿ ಕತ್ತಿ ಇರಲಿಲ್ಲವೆಂದಲ್ಲ. ಪ್ರವಾಸಿಗರು ಬರುವ ಒಂದು ಊರಿನಲ್ಲಿ 1,800 ರೂಪಾಯಿಗೆ ತಂದದ್ದಿತ್ತು. ಫಳಫಳ ಹೊಳೆಯುತ್ತಿತ್ತು, ಹಿಡಿಗೆ ಕೆಂಪು ಕಲ್ಲು ಬೇರೆ. ಒಂದು ಜಾತ್ರೆಯಲ್ಲಿ ಕುಣಿತ ಏರಿದಾಗ ಹಿಡಿ ಕೈಯಲ್ಲೇ ಉಳಿಯಿತು, ಅಲಗು ಹಾರಿ ತಮಟೆಯವನ ಕಾಲ ಬಳಿ ಬಿತ್ತು. ಯಾರಿಗೂ ತಗಲಲಿಲ್ಲ. ಮುರಿದ ಜಾಗ ನೋಡಿದರೆ ಕಾರಣ ಎದ್ದು ಕಾಣುತ್ತಿತ್ತು. ಎರಡು ಬೆರಳಗಲದ ಅಲಗಿನ ಬುಡಕ್ಕೆ ಪೆನ್ಸಿಲ್ ದಪ್ಪದ ಬೋಲ್ಟನ್ನು ವೆಲ್ಡ್ ಮಾಡಿ, ಅದನ್ನು ಹಿಡಿಯೊಳಗೆ ತೂರಿಸಿ ನಟ್ಟು ಬಿಗಿದಿದ್ದರು. ಅಲಗು ಸ್ಟೇನ್‌ಲೆಸ್ ಸ್ಟೀಲ್. ಅಡುಗೆಮನೆಯ ಚಾಕುವಿಗೆ ಅದು ಸರಿ. ಎರಡೂವರೆ ಅಡಿ ಉದ್ದದ ಅಲಗಿಗೆ ತರವಲ್ಲ, ಏಟು ಬಿದ್ದರೆ ಬಾಗುವ ಬದಲು ಮುರಿಯುತ್ತದೆ.

ಕತ್ತಿಯ ಬೆಲೆ ಎಂದರೆ ನಮ್ಮ ಕಡೆ ಎಲ್ಲರ ತಲೆಯಲ್ಲೂ ಕೂತಿರುವುದು ಒಂದೇ ಸಂಖ್ಯೆ. 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು. ನಮ್ಮ ದುಡ್ಡಿನಲ್ಲಿ 140 ಕೋಟಿಗೂ ಮೇಲೆ. ಹರಾಜಿನವರೇ ಅಂದಾಜು ಮಾಡಿದ್ದು 15ರಿಂದ 20 ಲಕ್ಷ ಪೌಂಡ್. ಅದಕ್ಕೂ ಮೊದಲು 2003ರಲ್ಲಿ ವಿಜಯ್ ಮಲ್ಯ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗ ಕೊಂಡು ಸುದ್ದಿಯಾಗಿದ್ದರು. ಅದನ್ನು ಕೊಟ್ಟುಬಿಟ್ಟಿದ್ದಾರೆಂದು 2018ರಲ್ಲಿ ಪತ್ರಿಕೆಗಳಲ್ಲಿ ಬಂತು. ಇದನ್ನೆಲ್ಲ ಓದಿದವರಿಗೆ ಕತ್ತಿ ಎಂದರೆ ಆಸ್ತಿ ಎನಿಸುವುದು ಸಹಜ. ಆದರೆ ಆ ದುಡ್ಡು ಬಿದ್ದದ್ದು ಉಕ್ಕಿಗಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಖಡ್ಗ ಸೇನಾನಿ ಡೇವಿಡ್ ಬೇರ್ಡ್ ಕೈಗೆ ಹೋದದ್ದಕ್ಕೆ ಬರಹದ ದಾಖಲೆ ಇದೆ. ಬಿಡ್ ಕೂಗಿದವರು ಕೊಂಡದ್ದು ಆ ದಾಖಲೆಯನ್ನು. ಅದೇ ಅಳತೆಯ, ಅದೇ ತೂಕದ ಖಡ್ಗ ಕಾಗದವಿಲ್ಲದೆ ಬಂದಿದ್ದರೆ ಹರಾಜಿನ ಪುಸ್ತಕದಲ್ಲಿ ಒಂದು ಸಾಲು ಸಿಗುತ್ತಿತ್ತು, ಅಷ್ಟೆ.

ಮಾದರಿ ಕತ್ತಿಗೆ ಈ ಕಾಗದ ಎಂದೂ ಹುಟ್ಟುವುದಿಲ್ಲ. ಹಾಗಾಗಿ ಮಾರುವವನು ‘ಲಿಮಿಟೆಡ್ ಎಡಿಷನ್’, ‘ಕಲೆಕ್ಟರ್ಸ್ ಪೀಸ್’ ಎಂದೆಲ್ಲ ಹೇಳಿ ಕೇಳುವ ಹೆಚ್ಚಿನ ದುಡ್ಡು ನನ್ನ ಲೆಕ್ಕದಲ್ಲಿ ಪೂರಾ ದಂಡ. ಶೋರೂಮಿನಿಂದ ರಸ್ತೆಗಿಳಿದ ಬೈಕಿನ ಹಾಗೆ, ಪೆಟ್ಟಿಗೆ ಬಿಚ್ಚಿದ ದಿನವೇ ಅದರ ಬೆಲೆ ಇಳಿಯುತ್ತದೆ. ಕತ್ತಿಗೂ ಈಗ ‘ನೋ ಕಾಸ್ಟ್ ಇಎಂಐ’ ಇದೆ ಎಂಬುದು ಗೊತ್ತಾಗಿ ಒಂದು ನಿಮಿಷ ನಗು ಬಂತು.

ಇದಕ್ಕಿಂತ ಅಪಾಯದ್ದು ಇನ್ನೊಂದು ಮಾತು: ‘ಹಳೇದು ಸಾರ್, ಟಿಪ್ಪು ಕಾಲದ್ದು.’ ಪಾಂಡವಪುರದ ಕಡೆಯಾದರೆ ಹೊಲ ಉಳುವಾಗ ಸಿಕ್ಕ ಫ್ರೆಂಚರ ಕತ್ತಿ ಎಂದು ಶುರುವಾಗುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದು ನಿಜ, ಬ್ರಿಟಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದದ್ದೂ ಅದಕ್ಕೇ. ಇತಿಹಾಸ ನಿಜವಾಗಿರುವ ಕಡೆ ಸುಳ್ಳು ಮಾರುವುದು ಸುಲಭ. ಅವನು ತೋರಿಸುತ್ತಿರುವುದು ಆಮ್ಲದಲ್ಲಿ ಅದ್ದಿ ತುಕ್ಕು ಹಿಡಿಸಿದ ಹೊಸ ಕಬ್ಬಿಣವಾದರೆ ನಿಮ್ಮ ದುಡ್ಡು ಹೋಯಿತು. ನಿಜಕ್ಕೂ ಹಳೆಯದಾದರೆ ತಾಪತ್ರಯ ಇನ್ನೂ ದೊಡ್ಡದು. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳೆಲ್ಲ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದಾಚೆ ಒಯ್ಯುವ ಹಾಗಿಲ್ಲ. ಎರಡರಲ್ಲಿ ಯಾವುದಾದರೂ ನಿಮಗೆ ಬೇಡ.

ಮೊದಲು ಊರಿನ ಕುಲುಮೆಗೇ ಹೋದೆ. ಕಬ್ಬು ಕಡಿಯುವ ಮಚ್ಚನ್ನು ಲಾರಿಯ ಕಮಾನು ಪಟ್ಟಿಯಿಂದ ಎಷ್ಟು ಚೆನ್ನಾಗಿ ಬಡಿಯುತ್ತಾರೆಂದರೆ, ಅದೇ ಉಕ್ಕಿನಲ್ಲಿ ಕತ್ತಿಯೂ ಆಗಬೇಕಲ್ಲ ಎಂಬುದು ನನ್ನ ಎಣಿಕೆ. ಉಕ್ಕಿನ ಮಟ್ಟಿಗೆ ಅದು ಸರಿಯೇ. ಸ್ಪ್ರಿಂಗ್ ಸ್ಟೀಲ್ ಬಾಗಿದರೆ ಮತ್ತೆ ನೇರವಾಗುತ್ತದೆ, ಒಳ್ಳೆಯ ಕತ್ತಿಗೆ ಬೇಕಾದ ಗುಣ ಅದೇ. ಕುಲುಮೆಯ ಯಜಮಾನರು ಕೇಳಿಸಿಕೊಂಡು, ‘ಮಚ್ಚು ಕೇಳಿ, ಕುಡ್ಲು ಕೇಳಿ, ಮಾಡ್ಕೊಡ್ತೀನಿ ಸ್ವಾಮಿ. ಕತ್ತಿ ಮಾತ್ರ ಬ್ಯಾಡ. ನಾಳೆ ಪೊಲೀಸ್ನೋರು ಬಂದ್ರೆ ನೀವಿರ್ತೀರಾ?’ ಎಂದರು. ಅವರ ಮಾತಿಗೆ ಕಾನೂನಿನ ಬಲವಿದೆ. ಬೇಸಾಯಕ್ಕೋ ಮನೆಬಳಕೆಗೋ ಎಂದು ಮಾಡಿದ ಹತ್ಯಾರದ ಲೆಕ್ಕ ಬೇರೆ. ಅದಲ್ಲದೆ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಆಯುಧ. ಕತ್ತಿಯನ್ನಂತೂ ಹೆಸರು ಹೇಳಿಯೇ ಸೇರಿಸಿದ್ದಾರೆ. ‘ಮೊಂಡಾಗಿದೆ, ಆಟದ ಸಾಮಾನು’ ಎಂಬ ವಾದವೂ ನಿಲ್ಲುವುದಿಲ್ಲ. ಕಾಯ್ದೆ ಬಿಟ್ಟಿರುವುದು ಆಟಿಕೆ ಬಿಟ್ಟು ಬೇರೇನೂ ಆಗಲಾರದ, ನಿಜವಾದ ಆಯುಧವಾಗಿ ಪರಿವರ್ತಿಸಲೂ ಆಗದ ವಸ್ತುವನ್ನು ಮಾತ್ರ. ಸಾಣೆ ಹಿಡಿದರೆ ಹರಿತವಾಗುವ ಉಕ್ಕು ಆಟಿಕೆ ಹೇಗಾದೀತು?

ಹಾಗಾಗಿ ದುಡ್ಡು ಕಟ್ಟುವ ಮೊದಲು ಠಾಣೆಗೆ ಹೋಗಬೇಕು. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದೇಶಗಳಲ್ಲಿ ಇಂಥ ಆಯುಧ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕೆಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಊರಿನ ಪರಿಸ್ಥಿತಿ ಏನೆಂದು ಠಾಣೆಯಲ್ಲೋ ಡಿಸಿ ಕಚೇರಿಯಲ್ಲೋ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ನಾವು ಅರ್ಜಿಯಲ್ಲಿ ತಂಡದ ಹೆಸರು, ದೇವಸ್ಥಾನ, ಕತ್ತಿಯ ಅಳತೆ, ಅದು ಯಾರ ಮನೆಯಲ್ಲಿ ಇರುತ್ತದೆ ಎಂಬುದನ್ನೆಲ್ಲ ಬರೆದು ಸ್ವೀಕೃತಿ ಹಾಕಿಸಿಕೊಂಡೆವು. ಮೆರವಣಿಗೆಗೆ ಒಯ್ಯುವಾಗ ಪ್ರತಿ ಸಲ ಬೇರೆ ಪತ್ರ. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದ ಗಣೇಶ ಮೆರವಣಿಗೆಯಲ್ಲಿ ಗಲಭೆಯಾದದ್ದು ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಹೆಸರೆತ್ತಿದರೆ ಎರಡು ಗುಂಪು ಎದ್ದು ನಿಲ್ಲುತ್ತವೆ. ಇಂಥ ಕಡೆ ಕತ್ತಿ ಕಂಡರೆ ಪೊಲೀಸರು ಪ್ರಶ್ನೆ ಕೇಳುವುದು ಅವರ ಕೆಲಸ. ಜೇಬಿನಲ್ಲಿರುವ ಪತ್ರಕ್ಕೆ ಜೆರಾಕ್ಸ್ ಖರ್ಚು ಬಿಟ್ಟರೆ ಇನ್ನೇನಿಲ್ಲ. ಅದಿಲ್ಲದೆ ಸಿಕ್ಕಿಬಿದ್ದರೆ ವಕೀಲರ ಮೊದಲ ಫೀಜಿನಲ್ಲೇ ಎರಡು ಕತ್ತಿ ಬರುತ್ತಿದ್ದವು.

ಇನ್ನು ಖರೀದಿ. ನಮ್ಮ ದೇಶ ಕತ್ತಿ ತಯಾರಿಕೆಯಲ್ಲಿ ಸಣ್ಣದೇನಲ್ಲ. ಡೆಹ್ರಾಡೂನಿನಲ್ಲಿ 1943ರಲ್ಲಿ ಶುರುವಾದ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ ಹಲವು ದೇಶಗಳ ಸೇನೆಗಳಿಗೆ ಕತ್ತಿ ಒದಗಿಸುತ್ತದೆ, ರಾಜಸ್ಥಾನದ ಸಿರೋಹಿ ಕತ್ತಿಗೆ ಹೆಸರಾದ ಊರು. ನಾನು ಕೇಳಿದ ಮಾರಾಟಗಾರರೊಬ್ಬರು ಎಲ್ಲವನ್ನೂ ತಾವೇ ‘ಕಸ್ಟಮ್’ ಮಾಡಿಕೊಡುತ್ತೇವೆಂದು 34,000 ರೂಪಾಯಿಯ ಪಟ್ಟಿ ಕಳಿಸಿದರು. ಬಿಡಿಸಿ ನೋಡಿದೆ. ಅಲಗಿನ ಮೇಲೆ ಡಮಾಸ್ಕಸ್ ಚಿತ್ತಾರ, ಹಿಡಿಗೆ ಚಿನ್ನದ ಲೇಪ, ಲೇಸರಿನಲ್ಲಿ ಹೆಸರು, ಮಖಮಲ್ ಪೆಟ್ಟಿಗೆ. ಈಗ ಡಮಾಸ್ಕಸ್ ಎಂದು ಮಾರುವುದು ಪದರ ಪದರ ಬೆಸೆದ ಉಕ್ಕು, ಅಗ್ಗದ್ದಾದರೆ ಬರೀ ಮೇಲಿನ ಆಮ್ಲದ ಗುರುತು. ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಚಿನ್ನದ ಲೇಪವೂ ಹಾಗೇ. ಹಳೆಯ ಖಡ್ಗಗಳಲ್ಲಿ ಕಬ್ಬಿಣವನ್ನು ಗೀರಿ, ಚಿನ್ನದ ತಂತಿ ಕೂರಿಸಿ ಬಡಿಯುತ್ತಿದ್ದರು. ಈಗಿನದು ಬೆವರು ಕೈ ಹಿಡಿದರೆ ಎರಡು ಜಾತ್ರೆಗೆ ಮಾಸುತ್ತದೆ. ಪಟ್ಟಿಯಲ್ಲಿ ಕತ್ತಿಯ ಕೆಲಸಕ್ಕೆ ಬೇಕಾದದ್ದು ಅಲಗು ಒಂದೇ.

ಅದನ್ನೇ ಕೇಳಿದೆ. ಹಿಡಿ ಬೇಡ, ಒರೆ ಬೇಡ, ಬರೀ ಅಲಗು ಕೊಡಿ. 1065 ಉಕ್ಕು, ಅಂದರೆ ಇಂಗಾಲ ಶೇ 0.65ರಷ್ಟು. 28 ಇಂಚು, ಬಾಯಿ ಮೊಂಡಾಗಿಯೇ ಇರಲಿ, ಹಿಡಿಯೊಳಗೆ ಹೋಗುವ ಬಾಲ ಅಲಗಿನ ಜತೆಗೇ ಬಡಿದದ್ದಾಗಬೇಕು, ವೆಲ್ಡಿಂಗ್ ಕೂಡದು. ಟೇಪು ಹಿಡಿದು, ತಕ್ಕಡಿಯ ಮೇಲಿಟ್ಟು ಫೋಟೊ ಕಳಿಸಿದ ಮೇಲೆ ಅರ್ಧ ಮುಂಗಡ. ತೆರಿಗೆ ಸೇರಿ 9,440 ರೂಪಾಯಿ, ಸಾಗಣೆ 650. ಕಸ್ಟಮ್ ಮಾಡಿಸಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಎಲ್ಲರೂ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಬರೀ ಅಲಗಾದರೆ ಆ ತಕರಾರಿಲ್ಲ.

ಹಿಡಿಗೆ ನಾಗಮಂಗಲಕ್ಕೆ ಹೋದೆವು. ದೇವರ ಉತ್ಸವಮೂರ್ತಿ, ಪ್ರಭಾವಳಿ ಎರಕ ಹೊಯ್ಯುವ ಮನೆಗಳು ಇರುವ ಊರು. ಕತ್ತಿಯ ಹಿಡಿ ಎಂದರೆ ಅವರಿಗೆ ದೇವರ ಕೈಯ ಆಯುಧವನ್ನು ದೊಡ್ಡದಾಗಿ ಮಾಡಿದ ಹಾಗೆ. ಅಣ್ಣನ ಅಂಗೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡರು. ಇದು ತೀರಾ ಮುಖ್ಯ. ಹಳೆಯ ಕತ್ತಿಗಳ ಹಿಡಿ ನಮ್ಮ ಈಗಿನ ಕೈಗೆ ಇಕ್ಕಟ್ಟು. ಹಿಂದುಗಡೆಯ ತಟ್ಟೆ ಮಣಿಕಟ್ಟಿಗೆ ಒತ್ತುತ್ತದೆ. ಪಡಿಯಚ್ಚು ಮಾಡಿದ ಅಂಗಡಿ ಕತ್ತಿಗಳಲ್ಲೂ ಅದೇ ಅಳತೆ. ಕುಣಿಯುವವನಿಗೆ ಅರ್ಧ ಇಂಚು ಹೆಚ್ಚು ಬೇಕು, ತಟ್ಟೆ ಕೊಂಚ ಕಿರಿದಾಗಬೇಕು. ಮೇಣದಲ್ಲಿ ಮಾದರಿ ಮಾಡಿ, ಅಣ್ಣನ ಕೈಯಲ್ಲಿ ಹಿಡಿಸಿ ನೋಡಿ, ತೀಡಿ, ಮತ್ತೆ ಹಿಡಿಸಿ, ಆಮೇಲೆ ಮಣ್ಣು ಮೆತ್ತಿದರು. ಒಳಗೆ ಪೊಳ್ಳು ಬಿಟ್ಟು ಹಿತ್ತಾಳೆ ಹೊಯ್ದರು. ಗಟ್ಟಿ ಹಿತ್ತಾಳೆಯಾದರೆ ಹಿಡಿಯೇ ಅಲಗಿಗಿಂತ ಭಾರವಾಗುತ್ತಿತ್ತು. ಕೊಂಚ ತೂಕ ಇರಬೇಕು. ಆಗ ಕತ್ತಿಯ ಭಾರ ತುದಿಯ ಕಡೆ ಎಳೆಯದೆ ಕೈ ಹತ್ತಿರ ಬಂದು ಕೂರುತ್ತದೆ, ರಾತ್ರಿಯಿಡೀ ಕುಣಿದರೂ ತೋಳು ಸೋಲುವುದಿಲ್ಲ. 4,200 ರೂಪಾಯಿ.

ಕೂರಿಸುವ ಕೆಲಸ ನೋಡಲು ನಾನೂ ಇದ್ದೆ. ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ ಹಿಡಿಯ ಪೊಳ್ಳಿಗೆ ತುಂಬಿದರು. ಅಲಗಿಗೆ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ ಬಾಲವನ್ನು ಮಾತ್ರ ಬೆಂಕಿಗೆ ಕೊಟ್ಟರು. ಬಿಸಿ ಮೇಲಕ್ಕೆ ಹತ್ತಿದರೆ ಉಕ್ಕಿನ ಹದ ಕೆಡುತ್ತದೆ. ಕೆಂಪಗಾದ ಬಾಲವನ್ನು ಅರಗಿನೊಳಗೆ ಒತ್ತಿದಾಗ ಸುಯ್ಯೆಂದು ಹೊಗೆ ಎದ್ದು, ಬಳೆ ಸುಟ್ಟಂಥ ವಾಸನೆ ಕೋಣೆಯೆಲ್ಲ ತುಂಬಿತು. ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತ ತಣ್ಣಗಾಗುವ ತನಕ ಹಿಡಿದೇ ಇದ್ದರು. ವಿದೇಶದ ವಿಡಿಯೊಗಳಲ್ಲಿ ಬಾಲ ಹಿಡಿಯ ಕೊನೆತನಕ ಇರಲೇಬೇಕೆಂದು ಅಪ್ಪಣೆ ಕೊಡಿಸುತ್ತಾರೆ. ನಮ್ಮ ಹಳೆಯ ಖಡ್ಗಗಳು ಗಿಡ್ಡ ಬಾಲ ಮತ್ತು ಅರಗಿನ ಬಲದಲ್ಲೇ ಯುದ್ಧ ಮಾಡಿದವು. ಆದರೂ ಸುತ್ತ ಜನ ನಿಂತಿರುತ್ತಾರೆ, ಮಕ್ಕಳಿರುತ್ತಾರೆ. ಅಡ್ಡಲಾಗಿ ಒಂದು ಪಿನ್ನು ಹೊಡೆಯಿರಿ ಎಂದು ಹಟ ಹಿಡಿದೆ. ಎಲ್ಲ ಸೇರಿ 500.

ಒರೆ ಪಾಂಡವಪುರದ ಬಡಗಿಯೊಬ್ಬರದು, 2,300. ತೆಳುವಾದ ಎರಡು ಹಲಗೆ ಕೆತ್ತಿ ಜೋಡಿಸಿ ಮೇಲೆ ಕೆಂಪು ಬಟ್ಟೆ. ಚರ್ಮದ ಒರೆ ಚೆಂದ, ಆದರೆ ಹದ ಮಾಡಿದ ಚರ್ಮ ತೇವ ಹಿಡಿದು ಇಂಥ ಉಕ್ಕಿಗೆ ತುಕ್ಕು ತರುತ್ತದೆ. ಅಲ್ಲಿಗೆ ಒಟ್ಟು 17,090 ರೂಪಾಯಿ. ತಂಡದವರ ವಂತಿಗೆಯಿಂದ ಕೊಂಡದ್ದಾದ್ದರಿಂದ ಬಿಲ್ಲು ತಂಡದ ಹೆಸರಿನಲ್ಲಿದೆ, ಅಣ್ಣನ ಹೆಸರಿನಲ್ಲಲ್ಲ. ನಾಳೆ ಅಣ್ಣತಮ್ಮಂದಿರಲ್ಲಿ ಪಾಲು ಬಂದಾಗ ಕತ್ತಿಯೂ ಪಾಲಿಗೆ ಬರಬಾರದಲ್ಲ. ವರ್ಷಕ್ಕೆ ಇಪ್ಪತ್ತು ಕಾರ್ಯಕ್ರಮ, ಹದಿನೈದು ವರ್ಷ ಬಾಳಿಕೆ ಎಂದಿಟ್ಟರೆ ಒಂದು ಕುಣಿತಕ್ಕೆ 57 ರೂಪಾಯಿ ಬೀಳುತ್ತದೆ. ಅಣ್ಣನ ಹಣೆಯ ವಿಭೂತಿ, ಹೂವಿನ ಖರ್ಚು ಇದಕ್ಕಿಂತ ಜಾಸ್ತಿ.

ಬಾಳಿಕೆ ಬರುವುದು ನೋಡಿಕೊಂಡರೆ ಮಾತ್ರ. ಕಾರ್ಬನ್ ಸ್ಟೀಲಿಗೆ ನಮ್ಮ ಪೂಜೆಯೇ ಶತ್ರು. ಆಯುಧಪೂಜೆಯ ದಿನ ತುದಿಗೆ ನಿಂಬೆಹಣ್ಣು ಚುಚ್ಚಿ, ಒದ್ದೆ ಕುಂಕುಮ ಹಚ್ಚಿ ರಾತ್ರಿ ಹಾಗೇ ಬಿಟ್ಟಿದ್ದರು. ಬೆಳಿಗ್ಗೆ ರಸ ಇಳಿದಷ್ಟು ದೂರ ಕಪ್ಪು ಗೆರೆ. ಸ್ಟೇನ್‌ಲೆಸ್ಸಿಗೆ ಏನೂ ಆಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ಅಭ್ಯಾಸವಿಲ್ಲ. ಈಗ ನಿಂಬೆಹಣ್ಣು ಒರೆಯ ತುದಿಗೆ, ಕುಂಕುಮ ಹಿತ್ತಾಳೆ ಹಿಡಿಗೆ. ಮಂಗಳಾರತಿ ಆದ ಕೂಡಲೇ ಅಲಗು ಒರೆಸಿ ಹೊಲಿಗೆ ಮೆಷಿನ್ನಿನ ಎಣ್ಣೆ ಸವರುತ್ತಾರೆ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದರೆ ಅಂಟಾಗುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು, ಅರಗು ಮೆತ್ತಗಾಗುತ್ತದೆ.

ಶ್ರೀರಂಗಪಟ್ಟಣದ ದಸರಾಕ್ಕೆ, 1610ರಲ್ಲಿ ರಾಜ ಒಡೆಯರು ಆರಂಭಿಸಿದ ಆ ಹಬ್ಬದ ಈಗಿನ ಮೆರವಣಿಗೆಗೆ, ಕಿರಂಗೂರಿನ ಬನ್ನಿಮಂಟಪದ ಬಳಿ ತಂಡ ಸಾಲುಗಟ್ಟಿ ನಿಂತಿತ್ತು. ಪೊಲೀಸರು ಪತ್ರ ಓದಿ, ಅಲಗಿನ ಬಾಯಿಗೆ ಬೆರಳಾಡಿಸಿ, ಮೊಂಡಾಗಿರುವುದು ನೋಡಿ ಬಿಟ್ಟರು. ಅಣ್ಣನ ಮಗ, ಪಿಯುಸಿ ಓದುವವನು, ನನ್ನ ಪಕ್ಕ ಬಂದು, ‘ಚಿಕ್ಕಪ್ಪ, ನೂರು ವರ್ಷ ಆದ್ಮೇಲೆ ಇದೂ ಹಳೇ ವಸ್ತು ಆಗ್ತದಲ್ವಾ? ಬಿಲ್ಲೂ ಐತೆ. ಆಗ ಹರಾಜಿಗೆ ಹಾಕ್ಬೋದು’ ಎಂದ.

‘ಹಾಕ್ಬೋದು ಕಣಪ್ಪ’ ಎಂದೆ, ‘ಲಂಡನ್‌ಗೆ ಮಾತ್ರ ಒಯ್ಯಂಗಿಲ್ಲ.’