ಎರಡು ಚೌಕಟ್ಟುಗಳ ನಡುವೆ 12.5 ಮೀಟರ್: ‘ಚಲನೆ’ ಘಟಕದ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ‘ಚಲನೆ’ ಘಟಕದ ಜವವನ್ನು ಬೋಧಿಸಬೇಕಿತ್ತು. ಅಲ್ಲಿನ ಹಲವು ಮಕ್ಕಳು ಬೆಳ್ತಂಗಡಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 73ನ್ನು ದಿನಕ್ಕೆರಡು ಸಲ ದಾಟುವವರು. ಆದ್ದರಿಂದ ಅದೇ ರಸ್ತೆಯನ್ನು ಪಾಠೋಪಕರಣ ಮಾಡಿಕೊಂಡೆ. ಬಸ್ಸಿನ ಮುಂದಿನ ಸೀಟಿನಿಂದ ಎರಡು ನಿಮಿಷದ ವಿಡಿಯೊ ತೆಗೆದು, ಜನರ ಮುಖ ಕಾಣುವ ಭಾಗ ಕತ್ತರಿಸಿ, ವಿಡಿಯೊ ಓದಬಲ್ಲ ಒಂದು ಬೃಹತ್ ಭಾಷಾ ಮಾದರಿಗೆ ಕೊಟ್ಟೆ. (ಮುಖಗಳನ್ನು ಕತ್ತರಿಸುವ ಕೆಲಸವನ್ನು ಯಾರೂ ಬಿಡಬಾರದು.) ಬಂದ ವಿವರಣೆಯನ್ನು ತರಗತಿಯಲ್ಲಿ ಓದಿಸಿದೆ. ರಿಕ್ಷಾ, ತಿರುವು, ಒದ್ದೆ ರಸ್ತೆ ಎಲ್ಲವೂ ಸರಿಯಾಗಿದ್ದವು. ಜೊತೆಗೆ ‘ವಾಹನ ನಿಧಾನವಾಗಿ ಸಾಗುತ್ತಿದೆ’ ಎಂದೂ ಇತ್ತು.

“ನಿಧಾನ ಅಂತ ಅದಕ್ಕೆ ಹೇಗೆ ಗೊತ್ತಾಯ್ತು?” ಎಂದು ಒಬ್ಬ ಹುಡುಗಿ ಕೇಳಿದಳು.

ಪಾಠಯೋಜನೆಯಲ್ಲಿ ನಾನು ಬರೆದಿದ್ದ ಪ್ರೇರಣಾ ಪ್ರಶ್ನೆಗಿಂತ ಇದು ಚೆನ್ನಾಗಿತ್ತು. ವಿಡಿಯೊದಲ್ಲಿ ಎರಡು ಕಿಲೋಮೀಟರ್ ಕಲ್ಲುಗಳು ಕಾಣುತ್ತಿದ್ದವು. ಮಕ್ಕಳು ಸಮಯ ಗುರುತಿಸಿದರು: 80 ಸೆಕೆಂಡು. 1000 ಮೀಟರನ್ನು 80ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. “ಒಳಗೆ ಕೂತವರಿಗೆ ನಿಧಾನ, ದಾಟುವವರಿಗೆ ಅಲ್ಲ” ಎಂದ ಹಿಂದಿನ ಬೆಂಚಿನ ಹುಡುಗ.

ಮಾದರಿ ನೋಡುವ ಬಗೆಯನ್ನು ಆಮೇಲೆ ವಿವರಿಸಿದೆ. ಫೋನಿನ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟು ಹಿಡಿಯುತ್ತದೆ. ಇಂಥ ಮಾದರಿಗಳು ಅವುಗಳಲ್ಲಿ ಕೆಲವನ್ನಷ್ಟೇ, ಕೆಲವೊಮ್ಮೆ ಸೆಕೆಂಡಿಗೆ ಒಂದನ್ನೇ, ಆಯ್ದುಕೊಳ್ಳುತ್ತವೆ. ಪ್ರತಿ ಚಿತ್ರವನ್ನೂ ಸಣ್ಣ ತುಂಡುಗಳಾಗಿಸಿ, ಸಂಖ್ಯೆಗಳಾಗಿ ಬದಲಿಸಿ, ಅವುಗಳಿಗೆ ಹೊಂದುವ ಪದಗಳನ್ನು ಒಂದೊಂದಾಗಿ ಊಹಿಸುತ್ತವೆ. ಸೆಕೆಂಡಿಗೆ ಒಂದು ಚಿತ್ರವಾದರೆ ನಮ್ಮ ಬಸ್ಸು ಎರಡು ಚಿತ್ರಗಳ ನಡುವೆ 12.5 ಮೀಟರ್ ಸಾಗಿರುತ್ತದೆ. ಅಂಗಳದಲ್ಲಿ ಟೇಪು ಹಿಡಿದು ಅಷ್ಟು ದೂರ ಅಳೆದಾಗ ತರಗತಿ ತುಸು ಮೌನವಾಯಿತು. ಹೆದ್ದಾರಿಯ ಅಗಲಕ್ಕಿಂತ ಅದು ಹೆಚ್ಚು ಎಂದು ಒಂದಿಬ್ಬರು ವಾದಿಸಿದರು. ಅಳೆಯಲು ರಸ್ತೆಗೆ ಇಳಿಯಲು ನಾನು ಬಿಡಲಿಲ್ಲ.

ರಿಕ್ಷಾವನ್ನು ಗುರುತಿಸುವುದನ್ನೂ ಯಂತ್ರಕ್ಕೆ ಕಲಿಸಬೇಕಾಗುತ್ತದೆ. ಹೈದರಾಬಾದಿನ ಐಐಐಟಿಯ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ಗಾಗಿ ಹೈದರಾಬಾದ್ ಮತ್ತು ಬೆಂಗಳೂರು ರಸ್ತೆಗಳ 182 ಚಾಲನಾ ಸರಣಿಗಳಿಂದ 10,000 ಚಿತ್ರ ಆಯ್ದು, 34 ವರ್ಗಗಳಲ್ಲಿ ಗುರುತು ಹಾಕಿದರು; ಆಟೋರಿಕ್ಷಾಕ್ಕೆ ಪ್ರತ್ಯೇಕ ವರ್ಗವಿದೆ. ಲಂಡನ್ನಿನ ವೇವ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಲಿಂಗೊ-1 ಮಾದರಿಗೆ ಚಾಲಕರು ಗಾಡಿ ಓಡಿಸುತ್ತಲೇ ಆಡಿದ ವಿವರಣೆಯನ್ನು ಕಲಿಸಲಾಗಿತ್ತು. ಹೆಸರು ಹೇಳುವುದು, ಕಾರಣ ಹೇಳುವುದು, ಜವ ಅಳೆಯುವುದು ಬೇರೆ ಬೇರೆ ಕೌಶಲಗಳು ಎಂಬುದನ್ನು ಮಕ್ಕಳಿಗೆ ತೋರಿಸಲು ಈ ಉದಾಹರಣೆಗಳು ಸಾಕು.

ಮೂಡುಬಿದಿರೆಯಲ್ಲಿ ಬೋಧನಾಭ್ಯಾಸದಲ್ಲಿದ್ದ ಸಹಪಾಠಿ ಹೆದ್ದಾರಿ 169ರ ವಿಡಿಯೊದಿಂದ ಇದೇ ಪಾಠ ಮಾಡಿದಳು. ಮಳೆಯಲ್ಲಿ ಕಲ್ಲುಗಳು ಕಾಣಲಿಲ್ಲವೆಂದು ಸೇತುವೆಯ ಎರಡು ತುದಿಗಳನ್ನು ಆರಿಸಿಕೊಂಡಳು. ಸೇತುವೆಯ ಉದ್ದ ಮೊದಲೇ ತಿಳಿದಿರಬೇಕು, ಅಷ್ಟೇ.

ಮೌಲ್ಯಮಾಪನಕ್ಕೆ, ಸೆಕೆಂಡಿಗೆ 5 ಚೌಕಟ್ಟು ಆಯ್ದರೆ ನಡುವಿನ ದೂರವೆಷ್ಟು ಎಂದು ಕೇಳಿದೆ. ಹೆಚ್ಚಿನವರು 2.5 ಮೀಟರ್ ಎಂದರು. ಆರು ಮಂದಿ ಗುಣಿಸಿ 62.5 ಬರೆದಿದ್ದರು. ಮರುದಿನದ ಮೊದಲ ಹತ್ತು ನಿಮಿಷ ಅವರಿಗೆ, ಮತ್ತೆ ಅದೇ ಅಂಗಳದಲ್ಲಿ, ಟೇಪಿನೊಂದಿಗೆ.