ದುಂಡಾಣು ಹಾಗೂ ನಂಜಾಣು: ಪೈರಿನ ಬೇನೆಗಳಲ್ಲಿ ಇವುಗಳ ಭೇದ

ಕಳೆದ ಮುಂಗಾರಿನಲ್ಲಿ ಮಾಸೂರಿನ ಸೀಮೆಯಲ್ಲಿ ತಿರುಗಾಟದಲ್ಲಿದ್ದಾಗ ಒಬ್ಬ ಜಮೀನುದಾರರು ತಮ್ಮ ಬೆಂಡೆಯ ಹೊಲವನ್ನು ತೋರಿಸಿದರು. ಎಲೆಯ ನರಗಳೆಲ್ಲ ಹಳದಿ ಬಲೆಯಂತಾಗಿ, ಕಾಯಿಗಳು ಬಿಳಿಚಿ ಒರಟಾಗಿದ್ದವು. ಅವರು ದುಂಡಾಣುಗಳನ್ನು ಕೊಲ್ಲುವ ಔಷಧವನ್ನು ಮೂರು ಸಲ ಸಿಂಪಡಿಸಿ ಹಣ ಕಳೆದಿದ್ದರು. ನಿಜವಾದ ದುಂಡಾಣುವಿನ ಬೇನೆಯು ಬದುವಿನಾಚೆಯ ಶುಂಠಿಯ ಮಡಿಗಳಲ್ಲಿತ್ತು; ಅಲ್ಲಿ ಕೊಳೆತ ಮಡಿಯ ನೀರು ಒಳ್ಳೆಯ ಮಡಿಗೆ ಹರಿಯುವದನ್ನು ಯಾರೂ ತಡೆದಿರಲಿಲ್ಲ. ಎರಡಕ್ಕೂ ‘ರೋಗಾಣು’ ಎಂಬ ಒಂದೇ ಹೆಸರು ಹೇಳುವ ರೂಢಿಯಿಂದ ಇಂಥ ನಷ್ಟವು ಒದಗುವದು.

ದುಂಡಾಣುವು ಅತಿ ಸಣ್ಣದಾದರೂ ಪೂರ್ಣ ಜೀವಿಯು. ಉದ್ದವು ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಒಂದೆರಡು ಪಾಲು. ಸಾದಾ ಸೂಕ್ಷ್ಮದರ್ಶಕದಲ್ಲಿ ಕಾಣುವದು. ಅದಕ್ಕೆ ಹೊರಗೋಡೆಯುಂಟು, ಒಳಗೆ ಜೀವರಸವುಂಟು. ತಾನೇ ಆಹಾರವನ್ನು ಹೀರಿ ಬೆಳೆದು, ಒಂದು ಎರಡಾಗಿ ಒಡೆಯುವದು. ಅಂದರೆ ಅದು ಸ್ವಂತ ಒಲೆಯುಳ್ಳ ಮನೆಯಿದ್ದಂತೆ.

ನಂಜಾಣುವಿಗೆ ಒಲೆಯೇ ಇಲ್ಲ. ಸಂತತಿಯ ಗುಣಗಳನ್ನು ಹೊತ್ತ ಒಂದು ಎಳೆ, ಅದರ ಸುತ್ತ ಪ್ರೋಟೀನಿನ ಕವಚ; ಪೈರಿನ ಬಹುತೇಕ ನಂಜಾಣುಗಳಲ್ಲಿ ಇಷ್ಟೇ ಇರುವದು. 1892ರಲ್ಲಿ ರಶಿಯದ ಇವಾನೋವಸ್ಕಿಯವರು ಬೇನೆ ಬಿದ್ದ ತಂಬಾಕಿನ ರಸವನ್ನು ದುಂಡಾಣುಗಳು ದಾಟಲಾರದ ಸೋಸುಗದಲ್ಲಿ ಸೋಸಿದರು; ಸೋಸಿದ ರಸವೂ ಬೇನೆಯನ್ನು ಹಚ್ಚಿತು. ಆ ನಂಜಾಣುವು ಕಡ್ಡಿಯಾಕಾರದ್ದು. ಒಂದೇ ಬಗೆಯ 2,130 ಪ್ರೋಟೀನಿನ ತುಣುಕುಗಳು ಒಂದು ಎಳೆಯ ಸುತ್ತ ಸುರುಳಿಯಾಗಿ ಜೋಡಿಸಿಕೊಂಡಿರುವವು. ಕಣ್ಣಿಗೆ ಅದು ಬಿದ್ದದ್ದು 1939ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಂದ ಮೇಲೆಯೇ. ಬೆಂಡೆಯ ನಂಜಾಣುವಿನ ರೂಪ ಬೇರೆ: ಎರಡು ಪುಟ್ಟ ಡಬ್ಬಿಗಳು ಅಂಟಿಕೊಂಡಂತೆ ಜೋಡಿಯಾಗಿದ್ದು, ಉದ್ದವು ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 30 ಪಾಲು.

ಇದು ಪೈರಿನ ಜೀವಕೋಶವನ್ನು ಹೊಕ್ಕು, ಪೈರಿನ ಒಲೆಯಲ್ಲಿಯೇ ತನ್ನ ಅಡಿಗೆ ಮಾಡಿಸಿಕೊಳ್ಳುವದು. ದುಂಡಾಣುನಾಶಕ ಔಷಧಗಳು ದುಂಡಾಣುವಿನ ಗೋಡೆಯನ್ನೋ ಒಲೆಯನ್ನೋ ಕೆಡಿಸತಕ್ಕವು. ನಂಜಾಣುವಿಗೆ ಅವೆರಡೂ ಇಲ್ಲವಾದ್ದರಿಂದ ಆ ಔಷಧಕ್ಕೆ ಅಲ್ಲಿ ಕೆಲಸವಿಲ್ಲ. ಹೊಲದಲ್ಲಿ ನಂಜು ಹತ್ತಿದ ಗಿಡವನ್ನು ಗುಣಪಡಿಸುವ ಸಿಂಪಡಣೆಯು ಇಂದಿಗೂ ಇಲ್ಲ. ಇದೆಯೆಂದು ಮಾರುವವರ ಮಾತನ್ನು ನಂಬತಕ್ಕದ್ದಲ್ಲ.

ಶುಂಠಿ, ಟೊಮೇಟೊ, ಬದನೆಗಳು ಹಸುರಿದ್ದಂತೆಯೇ ಸೊರಗಿದರೆ ಬುಡದ ಕಾಂಡವನ್ನು ಕೊಯ್ದು, ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುಗಳ ರಾಶಿಯೇ ಸರಿ. ಎಳೆ ಇಳಿಯದಿದ್ದರೆ ಕೂಡಲೇ ನಂಜೆಂದು ತೀರ್ಮಾನಿಸಬಾರದು, ಬೂಷ್ಟಿನಿಂದಲೂ ಸೊರಗುಂಟು. ದುಂಡಾಣು ಸೊರಗು ಬಿದ್ದ ನೆಲದ ಶುಂಠಿಯನ್ನು ಬೀಜಕ್ಕೆ ಇಡಬಾರದು. ಅಲ್ಲಿಯ ನೀರನ್ನು ಬೇರೆ ಮಡಿಗೆ ಬಿಡಬಾರದು. ಮುಂದಿನ ವರ್ಷ ಗೋವಿನಜೋಳ ಇಲ್ಲವೆ ಭತ್ತವನ್ನು ಹಾಕುವದು ಲೇಸು.

ಕಣ್ಣಂದಾಜಿನಲ್ಲಿ ಪಂಡಿತರೂ ಮೋಸಹೋದದ್ದುಂಟು. ನಮ್ಮ ಶ್ರೀಗಂಧದ ಸ್ಪೈಕ್ ರೋಗವನ್ನು ಬಹುಕಾಲ ನಂಜಾಣುವಿನದೆಂದೇ ಬಗೆದಿದ್ದರು. 1969ರಲ್ಲಿ ಅದರೊಳಗೆ ಗೋಡೆಯಿಲ್ಲದ ಒಂದು ಜಾತಿಯ ದುಂಡಾಣುಗಳು ಕಂಡವು. ಮೆಣಸಿನಕಾಯಿಯ ಮುಟುರಿನಲ್ಲಿಯೂ ಇಂಥದೇ ತೊಡಕು. ಎಲೆ ಮೇಲಕ್ಕೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕಾಟ, ಕೆಳಕ್ಕೆ ಮುದುಡಿದರೆ ಮೈಟ್ ನುಸಿಯ ಕಾಟ, ನಂಜಾಣುವೂ ಕೂಡಿಕೊಂಡಿರಬಹುದು.

ಬೆಂಡೆಯ ಹಳದಿ ನಂಜು ನಮಗೆ ಹೊಸದಲ್ಲ. 1924ರಲ್ಲಿಯೇ ಮುಂಬಯಿ ಇಲಾಖೆಯಿಂದ ಇದರ ವರದಿಯಾಗಿತ್ತು. ಮಾಸೂರು ಆಗ ಅದೇ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವದು ಬಿಳಿನೊಣ. ಆದ್ದರಿಂದ ಹಳದಿ ನರ ಕಂಡ ಮೊದಲ ಗಿಡಗಳನ್ನು ಅಂದೇ ಕಿತ್ತು ಹೂಳಬೇಕು. ಬಿತ್ತುವ ಮೊದಲೇ ಹೊಲದ ಸುತ್ತ ಗೋವಿನಜೋಳದ ಎರಡು ಸಾಲು ಬೆಳೆಸಿದರೆ ನೊಣದ ದಾರಿಗೆ ಅಡ್ಡವಾಗುವದು. ಅಂಟು ಸವರಿದ ಹಳದಿ ಹಲಗೆಗಳು ನೊಣ ಬಂದದ್ದನ್ನು ಮುಂಚೆಯೇ ತಿಳಿಸುವವು. ಅರ್ಕಾ ಅನಾಮಿಕಾ ತಳಿಯು ಈ ರೋಗವನ್ನು ತಡೆಯುವದೆಂದು ಹೆಸರಾಗಿತ್ತು, ಆದರೆ ಆ ಶಕ್ತಿಯು ಕೆಲವೆಡೆ ಕುಂದಿದೆ. ಬೀಜ ಕೊಳ್ಳುವ ಮುನ್ನ ನಿಮ್ಮ ಸೀಮೆಯಲ್ಲಿ ಅದನ್ನು ಬೆಳೆದವರ ಹೊಲವನ್ನು ನೋಡಿ ಬರುವದು ಒಳ್ಳೆಯದು.

ಒಬ್ಬರೇ ಗಿಡ ಕಿತ್ತರೆ ನೊಣವು ನೆರೆಯ ಹೊಲದಿಂದ ಮತ್ತೆ ಬರುವದು. ಗೌಡರು ಅಕ್ಕಪಕ್ಕದ ಹಿಡುವಳಿದಾರರನ್ನು ಕರೆಯಿಸಿ ಕೀಳುವ ದಿನವನ್ನು ಗೊತ್ತುಮಾಡಿದರೆ, ಆ ದಿನ ಬದುವಿನ ಕಸದ ಗಿಡಗಳನ್ನೂ ಕೂಡಿಯೇ ಕೀಳಿಸಬಹುದು.